ಮಿಂಚಿನ ತಂಬೂರಿ

ಕೊಳ್ಳೇಗಾಲಕ್ಕೆ ಶಿವನಸಮುದ್ರ ಬಹು ದೂರದ ಸ್ಥಳವಲ್ಲ. ಕಾವೇರಿ ಅಲ್ಲಿ ಇಬ್ಭಾಗವಾಗಿ, ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿಯೂ ಮಳವಳ್ಳಿಯ ಕಡೆ ಗಗನಚುಕ್ಕಿಯಾಗಿಯೂ ಧುಮುಕುತ್ತಾಳೆ. 1902ನೆಯ ಇಸವಿ ಜೂನ್ 30ರಂದು, ಆ ನೀರಿನ ಬಲದಿಂದ ಹುಟ್ಟಿದ ವಿದ್ಯುಚ್ಛಕ್ತಿ ತಂತಿಯ ಮೇಲೆ ಸುಮಾರು 92 ಮೈಲಿ ಸಾಗಿಹೋಗಿ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. 1905ರಲ್ಲಿ ಅದೇ ಶಕ್ತಿ ಬೆಂಗಳೂರಿನ ಬೀದಿದೀಪಗಳಲ್ಲಿ ಬೆಳಗಿತು. ಆ ಕಾಲದಲ್ಲಿ ಹೊಳೆಯ ಈ ದಡದ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು. ಈಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದ್ದೇ ಒಂದು ಭಾಗ. ರಾಜ್ಯದ ಗಡಿಗಳು ಒಂದಾದದ್ದು 1956ರ ನವೆಂಬರ್ 1ರಂದು.

ಗಡಿ ಯಾವುದೇ ಇರಲಿ, ಈ ಸೀಮೆಯ ಜನರನ್ನು ಒಂದುಗೂಡಿಸಿದ್ದ ತಂತಿ ಬೇರೆಯದೊಂದು ಇತ್ತು. ಅದು ತಂಬೂರಿಯ ತಂತಿ. ಬನದ ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಕೊಂಡು ಐದು ದಿನಗಳ ಜಾತ್ರೆ ಆರಂಭವಾದಾಗ, ನೀಲಗಾರರು ತಂಬೂರಿ ಮಿಡಿಯುತ್ತ, ಗಗ್ಗರ ಅಲುಗಿಸುತ್ತ, ಮಂಟೇಸ್ವಾಮಿಯ ಮತ್ತು ಸಿದ್ದಪ್ಪಾಜಿಯ ಕಥೆಯನ್ನು ಬೆಳಗಿನವರೆಗೂ ಹಾಡುತ್ತಾರೆ. ಹನೂರಿನಾಚೆಯ ಎಪ್ಪತ್ತೇಳು ಮಲೆಯ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಮಹಿಮೆಯನ್ನು ಹಾಡುತ್ತಾರೆ. ಯಳಂದೂರಿನ ಮೇಲಿನ ಬಿಳಿಗಿರಿರಂಗನ ಕಾಡಿನಲ್ಲಿ ಸೋಲಿಗರು ಗೋರುಕನ ಹಾಡಿಗೆ ಸುತ್ತುಗಟ್ಟಿ ಕುಣಿಯುತ್ತಾರೆ.

ಒಂದು ತಂತಿಯಲ್ಲಿ ಹರಿಯುವುದು ಮಿಂಚು. ಇನ್ನೊಂದರಲ್ಲಿ ಹರಿಯುವುದು ನಾದ. ಇವೆರಡೂ ಒಂದೇ ತಂತಿಯಲ್ಲಿ ಹರಿದರೆ ಏನಾಗುತ್ತದೆ? ಜಗತ್ತಿನ ಹಲವು ನಗರಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೂ, ಕೆಲವು ಕಲಾವಿದರು ವೇದಿಕೆಯ ಮೇಲೆ ನೂರಾರು ತಂತಿಗಳನ್ನು ಚುಚ್ಚಿದ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಆ ಪೆಟ್ಟಿಗೆಯ ಹೆಸರು ಮಾಡ್ಯುಲರ್ ಸಿಂಥಸೈಜರ್. 'ಇದೂ ಒಂದು ಸಂಗೀತವೇ?' ಎಂದು ಮೂಗು ಮುರಿಯುವವರುಂಟು. 'ಇನ್ನು ಮುಂದೆ ಇದೇ ಸಂಗೀತ' ಎಂದು ಸಾರುವವರೂ ಉಂಟು. ತೀರ್ಪು ಕೊಡುವ ಮುನ್ನ ಪೆಟ್ಟಿಗೆಯ ಒಳಗೆ ಏನಿದೆ ಎಂದು ನೋಡುವುದು ನ್ಯಾಯ.

ಪೆಟ್ಟಿಗೆಯಲ್ಲಿ ಏನಿದೆ?

ಈ ವಾದ್ಯವನ್ನು ಮೊದಲ ಸಲ ಕಂಡವರು, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆ ಇಲ್ಲಿಗೇಕೆ ಬಂತು ಎಂದು ಬೆರಗಾಗುವುದು ಸಹಜ. ಮನೆ ಇಲ್ಲ, ಮೆಟ್ಟಿಲಿಲ್ಲ, ಬಿಳಿ ಕಪ್ಪು ಪಟ್ಟಿಗಳೂ ಎಷ್ಟೋ ಸಲ ಇರುವುದಿಲ್ಲ. ಸಾಲುಸಾಲಾಗಿ ತಿರುಗಣೆಗಳು, ಚಿಕ್ಕ ಚಿಕ್ಕ ತೂತುಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಜೋಲುವ ಬಣ್ಣಬಣ್ಣದ ತಂತಿಗಳು. ಹೆಸರೇ ಹೇಳುವಂತೆ ಇದು ಬಿಡಿಭಾಗಗಳ ವಾದ್ಯ. ವೀಣೆಯನ್ನು ಕುಶಲಕರ್ಮಿ ಕಟ್ಟಿಕೊಡುತ್ತಾನೆ, ವೈಣಿಕ ನುಡಿಸುತ್ತಾನೆ. ಇಲ್ಲಿಯಾದರೋ, ಪ್ರತಿ ಸಲವೂ ವಾದ್ಯವನ್ನು ಕಟ್ಟುವವನೂ ನುಡಿಸುವವನೂ ಒಬ್ಬನೇ.

ಭಾಗಗಳ ಕೆಲಸವನ್ನು ನಮ್ಮ ವಾದ್ಯಗಳಿಂದಲೇ ತಿಳಿಯಬಹುದು. ಮೊದಲನೆಯದು ಆಂದೋಲಕ. ಮಿಡಿದ ತಂಬೂರಿಯ ತಂತಿ ಹೇಗೆ ಹಿಂದು ಮುಂದಾಗಿ ಕಂಪಿಸುತ್ತದೆಯೋ, ಹಾಗೆಯೇ ಇಲ್ಲಿ ವಿದ್ಯುತ್ತಿನ ಒತ್ತಡವೇ ಕ್ಷಣಕ್ಕೆ ನೂರಾರು ಸಲ ಏರಿ ಇಳಿಯುತ್ತದೆ. ಅದನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ಸ್ವರ ಕೇಳುತ್ತದೆ. ಎರಡನೆಯದು ಶೋಧಕ. ತಂಬೂರಿಯ ಬುರುಡೆ ಕೆಲವು ಕಂಪನಗಳನ್ನು ಹಿಗ್ಗಿಸಿ ಕೆಲವನ್ನು ತಗ್ಗಿಸಿ ತನ್ನದೇ ಬನಿಯನ್ನು ಕೊಡುವಂತೆ, ಈ ಶೋಧಕ ಜರಡಿಯಂತೆ ನಾದವನ್ನು ಸೋಸುತ್ತದೆ. ಮೂರನೆಯದು ನಾದದ ಹುಟ್ಟುಸಾವನ್ನು ತಿದ್ದುವ ಭಾಗ. ಕಂಸಾಳೆಯ ಬಟ್ಟಲಿನ ಮೇಲೆ ತಟ್ಟೆಯನ್ನು ಬಡಿದು ಬಿಟ್ಟರೆ ನಾದ ಸುಳಿಸುಳಿಯಾಗಿ ಕರಗುತ್ತದೆ; ಬಡಿದು ಒತ್ತಿ ಹಿಡಿದರೆ ತಟಕ್ಕನೆ ನಿಲ್ಲುತ್ತದೆ. ಕೈ ಮಾಡುವ ಈ ಕೆಲಸವನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ.

ನಾಲ್ಕನೆಯದು ಸ್ವರಗಳ ಸಾಲನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ಒಪ್ಪಿಸುವ ಭಾಗ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದವರಿಗೆ ಇದನ್ನು ವಿವರಿಸುವುದು ಸುಲಭ. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳ ಸರ ಸುತ್ತಿ ಬಂದಂತೆಲ್ಲ ಸೀರೆಯ ಅಂಚಿನಲ್ಲಿ ಅದೇ ಹೂವು, ಅದೇ ಹಂಸ ಮರಳಿ ಮರಳಿ ಮೂಡುವುದಲ್ಲವೇ? ಅದರಂತೆಯೇ ಇಲ್ಲಿ ಎಂಟೋ ಹದಿನಾರೋ ಮೆಟ್ಟಿಲುಗಳ ಒತ್ತಡಗಳು ಸುತ್ತಿ ಬಂದಂತೆಲ್ಲ ಸ್ವರಗಳ ಅಂಚು ನೇಯುತ್ತದೆ.

ಈ ಭಾಗಗಳನ್ನೆಲ್ಲ ಒಂದೇ ಭಾಷೆಯಲ್ಲಿ ಮಾತನಾಡಿಸಿದ್ದು ಅಮೆರಿಕದ ರಾಬರ್ಟ್ ಮೋಗ್ ಎಂಬ ಇಂಜಿನಿಯರ್. ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಕಾರನ ಜೊತೆಗೂಡಿ ಆತ 1964ರಲ್ಲಿ ಮೊದಲ ಮಾದರಿಯನ್ನು ಕಟ್ಟಿದ. ಒತ್ತಡ ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು ಎಂಬುದು ಅವನು ಹಾಕಿಕೊಂಡ ನಿಯಮ. ಕ್ಷಣಕ್ಕೆ 220 ಕಂಪನದ ಸ್ವರ ಒಂದು ವೋಲ್ಟಿಗೆ 440 ಆಗುತ್ತದೆ, ಮತ್ತೊಂದು ವೋಲ್ಟಿಗೆ 880. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಾನ್ ಬುಕ್ಲ ಎಂಬಾತ ಪಿಯಾನೋ ಮೆಟ್ಟಿಲುಗಳೇ ಬೇಡವೆಂದು ಇನ್ನೊಂದು ಬಗೆಯ ವಾದ್ಯವನ್ನು ರಚಿಸಿದ. ಗೋಡೆಯಗಲದ ಆ ಯಂತ್ರಗಳು 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೀಟರ್ ಡೋಪ್ಫರನ ಕೈಯಲ್ಲಿ ಗೇಣೆತ್ತರದವಾದವು. ಪ್ರತಿ ಭಾಗದ ಎತ್ತರ 128.5 ಮಿಲಿಮೀಟರ್ ಎಂದು ಗೊತ್ತಾದ ಮೇಲೆ ಯಾರು ಮಾಡಿದ ಭಾಗವನ್ನಾದರೂ ಯಾರ ಪೆಟ್ಟಿಗೆಗಾದರೂ ಕೂಡಿಸಬಹುದಾಯಿತು. ಪೆಟ್ಟಿಗೆ ಹೊತ್ತು ಊರೂರು ತಿರುಗಿ ಕಛೇರಿ ಮಾಡುವುದು ಸಾಧ್ಯವಾಯಿತು.

ಇಲ್ಲಿ ನಮ್ಮ ಸಂಗೀತಕ್ಕೆ ಮುಖ್ಯವಾದ ಒಂದು ಮಾತಿದೆ. ಹಾರ್ಮೋನಿಯಂ ಪಟ್ಟಿಗಳ ನಡುವೆ ಸ್ವರವಿಲ್ಲ; ಆದ್ದರಿಂದ ಅದರಲ್ಲಿ ಗಮಕವಿಲ್ಲ. ಈ ಕಾರಣಕ್ಕಾಗಿಯೇ 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿ ಮೂರು ದಶಕಗಳ ಕಾಲ ದೂರವಿಟ್ಟಿತ್ತು. ಆದರೆ ವಿದ್ಯುತ್ತಿನ ಒತ್ತಡಕ್ಕೆ ಮೆಟ್ಟಿಲುಗಳಿಲ್ಲ. ನೀರು ಇಳಿಜಾರಿನಲ್ಲಿ ಇಳಿಯುವಂತೆ ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು, ನಡುವಿನ ಶ್ರುತಿಯಲ್ಲಿ ನಿಲ್ಲಬಲ್ಲದು. ಪಶ್ಚಿಮದಲ್ಲಿ ಹುಟ್ಟಿದ ಯಂತ್ರವಾದರೂ, ಹಾರ್ಮೋನಿಯಂಗಿಂತ ಇದು ವೀಣೆಗೆ ಹತ್ತಿರದ ನೆಂಟ.

ಅಹಮದಾಬಾದಿನ ಕೋಣೆ

ಈ ನೆಂಟಸ್ತಿಕೆಯನ್ನು ಭಾರತ ಬಹು ಬೇಗನೆ ಗುರುತಿಸಿತ್ತು ಎಂಬುದು ಇಂದು ಅನೇಕರಿಗೆ ಆಶ್ಚರ್ಯ ತರುವ ಸಂಗತಿ. ಅದರ ಮೂಲ 1946ರಷ್ಟು ಹಿಂದಿದೆ. ಅಹಮದಾಬಾದಿನ ಸಾರಾಭಾಯಿ ಮನೆತನದ, ಪಖಾವಾಜ್ ನುಡಿಸಬಲ್ಲ ಗೀತಾ ಸಾರಾಭಾಯಿ ಆ ವರ್ಷ ನ್ಯೂಯಾರ್ಕಿಗೆ ಹೋಗಿದ್ದರು. ಅಲ್ಲಿ ಜಾನ್ ಕೇಜ್ ಎಂಬ ಸಂಗೀತಕಾರನಿಂದ ಅವರು ಪಾಶ್ಚಾತ್ಯ ಸಂಗೀತ ಕಲಿತರು. ಗುರುದಕ್ಷಿಣೆಯಾಗಿ ಅವನಿಗೆ ಭಾರತೀಯ ಸಂಗೀತ ಕಲಿಸಿದರು. ಸಂಗೀತದ ಗುರಿ ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಅಣಿಗೊಳಿಸುವುದು ಎಂದು ಗೀತಾ ತಮ್ಮ ಗುರುವಿನಿಂದ ಕೇಳಿದ್ದ ಮಾತು ಕೇಜನ ಜೀವನದ ದಿಕ್ಕನ್ನೇ ತಿರುಗಿಸಿತು.

ಆ ಸ್ನೇಹದ ಫಲ ಇಪ್ಪತ್ತಮೂರು ವರ್ಷಗಳ ನಂತರ ಕೈಸೇರಿತು. ಗೀತಾ ಅವರ ಸೋದರ ಗೌತಮ್ ಮತ್ತು ಸೋದರಿ ಗಿರಾ ಸೇರಿ ಕಟ್ಟಿದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೋಗ್ ಯಂತ್ರ ಬಂದಿಳಿಯಿತು. ಅದನ್ನು ಜೋಡಿಸಿ, ಬಳಸುವ ಬಗೆಯನ್ನು ತೋರಿಸಿಕೊಟ್ಟವನು ಕೇಜನ ಒಡನಾಡಿ ಡೇವಿಡ್ ಟ್ಯೂಡರ್. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದಲ್ಲಿಯೇ ಸಾಬರಮತಿಯ ದಡದ ಒಂದು ಕೋಣೆಯಲ್ಲಿ ನಮ್ಮವರು ವಿದ್ಯುತ್ತಿನ ನಾದವನ್ನು ಹೆಣೆಯುತ್ತಿದ್ದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನರಾಜ್ ಜೋಷಿಪುರ ಎಂಬವರು ಅಲ್ಲಿ ರಚನೆಗಳನ್ನು ಮಾಡಿದರು. ಮಾಥುರರದೊಂದು ಕೃತಿ ಹಕ್ಕಿಗಳ ಹೆಸರನ್ನು ಹೊತ್ತಿದೆ. ದೇಸಾಯಿಯವರದೊಂದು 1970ರ ಒಸಾಕಾ ವಿಶ್ವಪ್ರದರ್ಶನಕ್ಕಾಗಿ ಸಿದ್ಧವಾದದ್ದು.

ಆಮೇಲೆ? ಕೆಲವೇ ವರ್ಷಗಳಲ್ಲಿ ಆ ಕೋಣೆ ಮೌನವಾಯಿತು. ಕಲಿತವರು ಬೇರೆ ಬೇರೆ ದಾರಿ ಹಿಡಿದರು. ಕಲಿಯಲು ಹೊಸಬರು ಬರಲಿಲ್ಲ. ಧ್ವನಿಸುರುಳಿಗಳು ಸಂಸ್ಥೆಯ ಕಪಾಟಿನಲ್ಲಿ ಸುಮಾರು ಅರ್ಧ ಶತಮಾನ ಕುಳಿತವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವನ್ನು ಹುಡುಕಿ ತೆಗೆದು, 2020ರಲ್ಲಿ ಬಿಬಿಸಿ ರೇಡಿಯೊದಲ್ಲಿ ಅವುಗಳ ಕಥೆ ಹೇಳಿದ. 2023ರಲ್ಲಿ ಅವು ಧ್ವನಿಮುದ್ರಿಕೆಯಾಗಿ ಹೊರಬಂದವು. ನಮ್ಮ ಮನೆಯ ನಿಧಿಯ ಸುದ್ದಿ ನಮಗೆ ನೆರೆಯವರ ಬಾಯಿಂದ ತಿಳಿಯಿತು.

ಬೆಂಗಳೂರಿನ ಪುಟ್ಟ ಪೆಟ್ಟಿಗೆ

ಅಹಮದಾಬಾದಿನ ಪ್ರಯೋಗ ಮರೆತುಹೋದರೂ ವಿದ್ಯುತ್ತಿನ ನಾದ ನಮ್ಮ ಮನೆಗಳನ್ನು ಸೇರದೆ ಉಳಿಯಲಿಲ್ಲ. ಅದು ಬಂದದ್ದು ಪ್ರಯೋಗದ ಹೆಸರಿನಲ್ಲಿ ಅಲ್ಲ, ಉಪಕಾರದ ಹೆಸರಿನಲ್ಲಿ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್, ಸ್ವತಃ ಸಂಗೀತ ಬಲ್ಲ ಇಂಜಿನಿಯರ್, ವಿದ್ಯುತ್ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಸಂಗೀತದ ಪಾಠ ನಡೆಯುವ ಎಷ್ಟೋ ಮನೆಗಳ ನಿತ್ಯದ ವಸ್ತುಗಳಾದವು. ಆಳೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಸಾಗಿಸುವ ಕಷ್ಟ ತಪ್ಪಿತು. ಬೆಳಗಿನ ಜಾವ ಒಬ್ಬಳೇ ಸಾಧನೆಗೆ ಕುಳಿತ ಹುಡುಗಿಗೆ ಶ್ರುತಿ ಹಿಡಿಯುವ ಸಂಗಾತಿ ದೊರೆಯಿತು. ಮಾಡ್ಯುಲರ್ ಯಂತ್ರದ ಆಂದೋಲಕಕ್ಕೂ ಆ ಪೆಟ್ಟಿಗೆಗೂ ತತ್ತ್ವ ಒಂದೇ: ವಿದ್ಯುತ್ತನ್ನು ಕಂಪಿಸಿ ಸ್ವರ ಮಾಡುವುದು.

ಇದು ಸಣ್ಣ ಉಪಕಾರವಲ್ಲ. ಆದರೆ ಪ್ರತಿಯೊಂದು ಉಪಕಾರಕ್ಕೂ ಒಂದು ಬೆಲೆಯಿದೆ. ಗಾಯಕನ ಹಿಂದೆ ಕುಳಿತು ತಂಬೂರಿ ಮಿಡಿಯುತ್ತಿದ್ದ ಶಿಷ್ಯ ವೇದಿಕೆಯಿಂದ ಕೆಳಗಿಳಿದ. ಎರಡು ಮೂರು ಗಂಟೆಗಳ ಕಾಲ ಸುಮ್ಮನೆ ಶ್ರುತಿ ಹಿಡಿಯುವುದು ನೋಡುವವರಿಗೆ ಬೇಸರದ ಕೆಲಸ. ಆದರೆ ಅದೇ ಒಂದು ಪಾಠಶಾಲೆಯಾಗಿತ್ತು. ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸಿ ಜೀವ ತುಂಬುವುದನ್ನು, ದೀಪದ ಕಾವಿಗೆ ತಂತಿ ಸಡಿಲವಾದಾಗ ಕಿವಿಯಿಂದಲೇ ಅರಿತು ಸರಿಪಡಿಸುವುದನ್ನು ಶಿಷ್ಯ ಅಲ್ಲಿ ಕಲಿಯುತ್ತಿದ್ದ. ಗುಂಡಿ ಒತ್ತಿದರೆ ತಪ್ಪದೆ ನುಡಿಯುವ ಪೆಟ್ಟಿಗೆಗೆ ಈ ಕಿವಿ ಬೇಕಾಗಿಲ್ಲ. ಬೇಡವಾದ ಅಂಗ ಸೊರಗುವುದು ಪ್ರಕೃತಿಯ ನಿಯಮ.

ಹಾಗಾದರೆ ನಾವು ಯಂತ್ರವನ್ನು ದೂರಬೇಕೇ? ಇಲ್ಲ. ಕೇಳಿಸಿಕೊಳ್ಳುವ ಹೊಣೆಯನ್ನು ಮನುಷ್ಯನಿಂದ ಕಿತ್ತುಕೊಳ್ಳುವ ಯಂತ್ರ ಒಂದು. ಕೇಳಿಸಿಕೊಳ್ಳದ ಹೊರತು ನುಡಿಯದ ಯಂತ್ರ ಇನ್ನೊಂದು. ಮಾಡ್ಯುಲರ್ ವಾದ್ಯ ಎರಡನೆಯ ಜಾತಿಗೆ ಸೇರಿದ್ದು. ಅದು ವೇದಿಕೆಯ ಮೇಲೆ ವರ್ತಿಸುವ ರೀತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ವೇದಿಕೆಯ ಮೇಲೆ

ಕಲಾವಿದ ಕಛೇರಿಗೆ ಮುಂಚೆ ಬಂದು ಪೆಟ್ಟಿಗೆಯನ್ನು ಬೆಚ್ಚಗಾಗಲು ಬಿಡುತ್ತಾನೆ. ಹಳೆಯ ಬಗೆಯ ಆಂದೋಲಕಗಳು ಕಾವು ಏರಿದಂತೆ ಶ್ರುತಿ ಬದಲಿಸುತ್ತವೆ. ಆದ್ದರಿಂದ ಅವನ್ನು ತಂಬೂರಿಯಂತೆಯೇ ಕೂಡಿಸಬೇಕು, ನಡುನಡುವೆ ಮತ್ತೆ ಕೂಡಿಸಬೇಕು. ಮೊದಲು ಒಂದೇ ಸ್ವರ ಎದ್ದು ನಿಲ್ಲುತ್ತದೆ. ಅದರ ಮೇಲೆ ಒಂದು ಸಣ್ಣ ಮಿಡಿತ, ಅದರ ಮೇಲೆ ಸುತ್ತಿ ಬರುವ ನಾಲ್ಕಾರು ಸ್ವರಗಳು. ಒಂದು ತಂತಿಯನ್ನು ಕಿತ್ತು ಇನ್ನೊಂದು ತೂತಿಗೆ ಚುಚ್ಚಿದ ಕೂಡಲೆ ತಾಳವಾಗಿದ್ದದ್ದು ರಾಗವಾಗಬಹುದು, ರಾಗವಾಗಿದ್ದದ್ದು ಗುಡುಗಾಗಬಹುದು. ಹೊರಬಂದ ನಾದವನ್ನೇ ಮತ್ತೆ ಒಳಕ್ಕೆ ಉಣಿಸಿದರೆ, ಅದು ಯಾವ ರೂಪ ತಾಳುವುದೆಂದು ಕಟ್ಟಿದವನೂ ಮೊದಲೇ ಹೇಳಲಾರ. ಟ್ಯೂಡರನಿಗೆ ಪ್ರಿಯವಾಗಿದ್ದ ಮಾರ್ಗ ಇದೇ. ಆಗ ಕಲಾವಿದ ಅಪ್ಪಣೆ ಕೊಡುವ ಒಡೆಯನಾಗಿ ಉಳಿಯುವುದಿಲ್ಲ. ಕಿವಿಗೊಟ್ಟು ಉತ್ತರಿಸುವ ಸಂಗಡಿಗನಾಗುತ್ತಾನೆ.

ಕಛೇರಿ ಮುಗಿದ ಮೇಲೆ ತಂತಿಗಳನ್ನೆಲ್ಲ ಕಿತ್ತು ಸುರುಳಿ ಸುತ್ತುತ್ತಾರೆ. ಅಂದಿನ ವಾದ್ಯ ಅಂದಿಗೆ ಮುಗಿಯಿತು. ಅದೇ ಜೋಡಣೆಯನ್ನು ಮರುದಿನ ಮಾಡಿದರೂ ಅದೇ ನಾದ ಬರುವುದೆಂಬ ಭರವಸೆಯಿಲ್ಲ. ಬೆಂಗಳೂರಿನಲ್ಲಿ, ಪ್ರಸಿದ್ಧ ಅಂತರಿಕ್ಷ ಸಂಸ್ಥೆಯ ಹೆಸರನ್ನು ವಿನೋದವಾಗಿ ಅನುಕರಿಸಿ 'ಇಂಡಿಯನ್ ಸಾನಿಕ್ ರಿಸರ್ಚ್ ಆರ್ಗನೈಸೇಶನ್' ಎಂದು ಕರೆದುಕೊಂಡ ಬಳಗವೊಂದು, ವಾದ್ಯಗಳನ್ನು ಕೈಯಾರೆ ಕಟ್ಟಿ ಇಂಥ ನಾದಪ್ರಯೋಗಗಳಲ್ಲಿ ತೊಡಗಿತು. ಮಾರುಕಟ್ಟೆಯಿಂದ ಕೊಂಡು ತಂದ ಯಂತ್ರಕ್ಕೂ ಸ್ವತಃ ಬೆಸುಗೆ ಹಾಕಿದ ಯಂತ್ರಕ್ಕೂ ವ್ಯತ್ಯಾಸವಿದೆ. ಬೆಸುಗೆ ಹಾಕಿದವನಿಗೆ ಅದರ ಹುಳುಕೂ ಗೊತ್ತು, ಅದರ ಬಾಯಿಯೂ ಗೊತ್ತು.

ಈ ಸಂಗೀತದ ಮೇಲಿರುವ ಆಕ್ಷೇಪಗಳು ಸುಳ್ಳಲ್ಲ. ಹಾಡಲು ಮಾತಿಲ್ಲ, ಗುನುಗಲು ಧಾಟಿಯಿಲ್ಲ. ಎಷ್ಟೋ ಸಲ ಅದು ಬರಿಯ ಗದ್ದಲವಾಗುವುದುಂಟು. ಪೆಟ್ಟಿಗೆಯ ಬೆಲೆ ಸಾಮಾನ್ಯ ಸಂಸಾರದ ಕೈಗೆ ಎಟುಕುವಂಥದಲ್ಲ. ಹೊಸ ಹೊಸ ಭಾಗಗಳನ್ನು ಕೊಳ್ಳುವುದರಲ್ಲಿಯೇ ಆಯುಷ್ಯ ಕಳೆದು, ನುಡಿಸುವುದನ್ನೇ ಮರೆಯುವ ಶ್ರೀಮಂತ ಹವ್ಯಾಸಿಗಳೂ ಇದ್ದಾರೆ. ಆದರೆ ಕೆಟ್ಟ ಪಿಟೀಲು ವಾದನದಿಂದ ಪಿಟೀಲು ಕೆಟ್ಟ ವಾದ್ಯವಾಗುವುದಿಲ್ಲ. ಅದೂ ಒಂದಾನೊಂದು ಕಾಲದಲ್ಲಿ ಪರದೇಶದಿಂದ ಬಂದು ನಮ್ಮ ಮಡಿಲಿಗೆ ಒರಗಿ ಕುಳಿತದ್ದೇ.

ಉಳಿಯುವುದು ಯಾವುದು?

ನಿಜವಾದ ಪ್ರಶ್ನೆ ಬೇರೆಯಿದೆ. ಅಹಮದಾಬಾದಿನಲ್ಲಿ ಜಗತ್ತಿನ ಅತ್ಯಂತ ಹೊಸ ಯಂತ್ರವಿತ್ತು, ವಿದ್ಯಾವಂತರಿದ್ದರು, ಪೋಷಕರಿದ್ದರು. ಆದರೂ ನಾದ ಕೆಲವೇ ವರ್ಷಗಳಲ್ಲಿ ನಿಂತಿತು. ಇದು ಒಂದೇ ನಿದರ್ಶನವಲ್ಲ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಮೂರು ವಿದ್ಯುತ್ ಯಂತ್ರಗಳನ್ನು ಒಂದೇ ನಡೆಗೆ ಕಟ್ಟಿ ಹತ್ತು ರಾಗಗಳನ್ನು ನುಡಿಸಿದರು. ಅದನ್ನು ಕೇಳಿ ಜಗತ್ತು ತಲೆದೂಗಿದ್ದು 2010ರಲ್ಲಿ, ಆ ಮುದ್ರಿಕೆ ಮತ್ತೆ ಹೊರಬಂದಾಗ. ಚಿಕ್ಕಲ್ಲೂರಿನ ನೀಲಗಾರರಿಗಾದರೋ ಯಾವ ಪ್ರಯೋಗಶಾಲೆಯೂ ಇರಲಿಲ್ಲ. ಆದರೂ ಅವರ ತಂಬೂರಿ ಶತಮಾನಗಳಿಂದ ನಿಂತಿಲ್ಲ. ಏಕೆ?

ಏಕೆಂದರೆ ಅಲ್ಲಿ ದೀಕ್ಷೆಯಿದೆ. ಒಕ್ಕಲಿನ ಮನೆಯ ಹುಡುಗ ನೀಲಗಾರನಾಗುತ್ತಾನೆ. ಹಿರಿಯನ ಬೆನ್ನ ಹಿಂದೆ ನಿಂತು ಸೊಲ್ಲು ಹಿಡಿಯುತ್ತಾನೆ. ಕಥೆ ಬರುವ ಮುಂಚೆಯೇ ಶ್ರುತಿ ಬರುತ್ತದೆ. ಶ್ರುತಿ ಬರುವ ಮುಂಚೆ ಕೇಳುವುದು ಬರುತ್ತದೆ. ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರಂಥ ವಿದ್ವಾಂಸರು 1970ರ ದಶಕದಲ್ಲಿ ಬರೆದು ಅಚ್ಚು ಹಾಕಿಸಿ ಮಹೋಪಕಾರ ಮಾಡಿದರು. ಆದರೆ ದೇವರಗುಡ್ಡನ ಹಾಡು ಪುಸ್ತಕವನ್ನು ನೋಡಿ ಬಂದದ್ದಲ್ಲ. ಕೇಳುವವರ ಕಣ್ಣು ಮಂಪರಾದರೆ ಅವನು ಸಾಲನ್ನು ಮೊಟಕುಗೊಳಿಸುತ್ತಾನೆ. ಕಣ್ಣು ತುಂಬಿದರೆ ಹಿಗ್ಗಿಸುತ್ತಾನೆ. ಅವನ ಹಾಡೂ ಇಂದು ಕಟ್ಟಿ ಇಂದೇ ಬಿಚ್ಚುವ ಜೋಡಣೆಯೇ. ಭೇದವಿಷ್ಟೆ: ಅವನು ಬಿಚ್ಚಿದ್ದನ್ನು ನಾಳೆ ಕಟ್ಟಲು ಪಕ್ಕದಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ. ಅಹಮದಾಬಾದಿನ ಕೋಣೆಯಲ್ಲಿ ಆ ಹುಡುಗನೊಬ್ಬನಿಗೆ ಜಾಗವಿರಲಿಲ್ಲ.

ಇಂದು ಆ ಹುಡುಗನ ಜಾಗ ಚಿಕ್ಕಲ್ಲೂರಿನಲ್ಲಿಯೂ ಭದ್ರವೆಂದು ಹೇಳುವಂತಿಲ್ಲ. ಶಾಲೆ, ಕಾರ್ಖಾನೆ, ನಗರ ಅವನನ್ನು ಕರೆಯುತ್ತಿವೆ, ಕರೆಯಬೇಕಾದದ್ದೂ ನ್ಯಾಯವೇ. ಅವನ ಕೈಯಲ್ಲಿರುವ ಚಿಕ್ಕ ಫೋನು ಯಾವ ಹಾಡನ್ನಾದರೂ ದಣಿವಿಲ್ಲದೆ ಒಪ್ಪಿಸುತ್ತದೆ. ಮೊದಲನೆಯ ಜಾತಿಯ ಯಂತ್ರ ಊರೂರನ್ನೂ ಸೇರಿದೆ. ಆದ್ದರಿಂದಲೇ ಎರಡನೆಯ ಜಾತಿಯ ಯಂತ್ರವನ್ನು ಹಿಡಿದ ನಗರದ ತರುಣ ತರುಣಿಯರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ನೀಲಗಾರನ ದನಿಯನ್ನು ಮುದ್ರಿಸಿಕೊಂಡು ಬಂದು ಪೆಟ್ಟಿಗೆಯೊಳಗೆ ಚೂರು ಮಾಡಿ ಬೆರೆಸುವುದು ಸುಲಭ. ಅದು ಯಂತ್ರಕ್ಕೆ ಮತ್ತೊಂದು ತುತ್ತು ಅಷ್ಟೆ. ಕಷ್ಟವಾದದ್ದು, ಅವನ ಹಿಂದೆ ಒಂದು ರಾತ್ರಿ ಕುಳಿತು ಶ್ರುತಿ ಹೇಗೆ ನಿಲ್ಲುತ್ತದೆಂದು ಕೇಳುವುದು. ಆಮೇಲೆ ತಮ್ಮ ತಂತಿಗಳನ್ನು ಚುಚ್ಚಲು ಕುಳಿತಾಗ, ಪಕ್ಕದಲ್ಲಿ ಒಬ್ಬ ಕಿರಿಯನನ್ನು ಕೂರಿಸಿಕೊಳ್ಳುವುದು.

ಈ ಸೀಮೆಯ ಕಾವ್ಯದಲ್ಲಿಯೇ ಇದಕ್ಕೊಂದು ಪ್ರಸಂಗವಿದೆ. ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆ ತರಲು ಕಳುಹಿಸುತ್ತಾನೆ. ಸಿದ್ದಪ್ಪಾಜಿ ಸ್ವತಃ ಕುಲುಮೆಯ ಮನೆಯಲ್ಲಿ ಹುಟ್ಟಿದವನು. ಹಲಗೂರಿನವರು ಅವನನ್ನು ಬಗೆಬಗೆಯಾಗಿ ಪರೀಕ್ಷಿಸುತ್ತಾರೆ, ಹಿಂಸೆಗೂ ಹಿಂಜರಿಯುವುದಿಲ್ಲ. ಅವನು ಎಲ್ಲವನ್ನೂ ಗೆದ್ದು ಕಬ್ಬಿಣವನ್ನು ಪಡೆದುಕೊಂಡೇ ಬರುತ್ತಾನೆ. ಆ ಕಥೆ ಕಬ್ಬಿಣವನ್ನು ಬೇಡವೆನ್ನುವುದಿಲ್ಲ; ಕಬ್ಬಿಣದ ಒಡೆತನಕ್ಕೆ ತಲೆಬಾಗುವುದೂ ಇಲ್ಲ. ಕಬ್ಬಿಣವನ್ನು ಕುಲುಮೆಯಿಂದ ಗುರುವಿನ ಜೋಳಿಗೆಗೆ ತಂದು ಹಾಕುತ್ತದೆ.

ಶಿವನಸಮುದ್ರದ ಮಿಂಚು ಹೊಳೆಯ ಒಂದು ದಡದಲ್ಲಿ ಹುಟ್ಟಿ ನೂರಿಪ್ಪತ್ತು ವರ್ಷಗಳ ಮೇಲಾಯಿತು. ಇನ್ನೊಂದು ದಡದ ತಂಬೂರಿ ಅದಕ್ಕಿಂತ ಬಹು ಹಿರಿಯದು. ಮಿಂಚು ಹಾಡಬಲ್ಲುದೆಂಬುದು ಈಗ ಸಂದೇಹವಿಲ್ಲದ ಮಾತು. ಅದು ಯಾರ ಜೋಳಿಗೆಗೆ ಬೀಳಬೇಕೆಂಬುದನ್ನು ನಿರ್ಧರಿಸಬೇಕಾದದ್ದು ಯಂತ್ರವಲ್ಲ, ನಮ್ಮ ಕಿವಿ.